ದೊಡ್ಡಪ್ಪನ ಕೈಯೂ ನಸುಗುನ್ನಿ ಬಳ್ಳಿಯೂ

ನಮ್ಮ ಮಲೆನಾಡಿನ ಕಡೆ ಯಾರಿಗಾದರೂ ಒಂದು ದೊಡ್ಡ ಕಾಯಿಲೆ ಬಂತೆಂದರೆ, ರೋಗಿ ಹಾಸಿಗೆ ಹಿಡಿಯುವ ಮೊದಲೇ ಔಷಧಿ ಹೇಳುವವರು ಜಗಲಿ ಹಿಡಿದಿರುತ್ತಾರೆ. ಅವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರ ಕೈಯಲ್ಲಿ ಬೇರು, ಇನ್ನೊಬ್ಬರ ಚೀಲದಲ್ಲಿ ತೊಗಟೆ, ಮತ್ತೊಬ್ಬರ ಪಂಚೆಯ ಮಡಿಲಲ್ಲಿ ಯಾವುದೋ ಸೊಪ್ಪು. ಸಕ್ಕರೆ ಕಾಯಿಲೆಗೆ ಮಧುನಾಶಿನಿ, ಕಾಮಾಲೆಗೆ ನೆಲನೆಲ್ಲಿ, ಕಿಡ್ನಿ ಕಲ್ಲಿಗೆ ಕಾಡುಬಸಳೆ ಎಂದು ಪಟ್ಟಿ ಬಾಯಲ್ಲೇ ಇರುತ್ತದೆ. ದೊಡ್ಡಪ್ಪನಿಗೆ ಪಾರ್ಕಿನ್ಸನ್ ಎಂದು ಗೊತ್ತಾದಾಗ ಮಾತ್ರ ಊರಿಗೆ ಸ್ವಲ್ಪ ಗಲಿಬಿಲಿಯಾಯಿತು. ಆ ಹೆಸರಿನ ಕಾಯಿಲೆಗೆ ಯಾವ ಸೊಪ್ಪು ಎಂದು ಯಾರ ಅಜ್ಜಿಯೂ ಹೇಳಿಹೋಗಿರಲಿಲ್ಲ. ಆ ಗಲಿಬಿಲಿ ಹೆಚ್ಚು ದಿನ ಉಳಿಯಲಿಲ್ಲ. ಯಾವ ಸೊಪ್ಪೆಂದು ಗೊತ್ತಿಲ್ಲದ ಮೇಲೆ ಎಲ್ಲ ಸೊಪ್ಪೂ ಆಗಬಹುದು ಎಂಬ ತೀರ್ಮಾನಕ್ಕೆ ಊರು ಬಂತು.

ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರರು. ಅವರ ಅಕ್ಷರ ಸುತ್ತಲ ಹತ್ತೂರಿಗೆ ಪ್ರಸಿದ್ಧ. ಮದುವೆಯ ಲಗ್ನಪತ್ರಿಕೆ, ದೇವಸ್ಥಾನದ ರಸೀದಿ ಪುಸ್ತಕ, ಗಣೇಶೋತ್ಸವದ ಬೋರ್ಡು, ಜಗಳಾಡಿದ ಅಣ್ಣತಮ್ಮಂದಿರ ಪಾಲುಪಟ್ಟಿ ಎಲ್ಲದಕ್ಕೂ ಅವರದೇ ಕೈ. ಕಾಯಿಲೆ ಮೊದಲು ಬಾಲ ಬಿಚ್ಚಿದ್ದೂ ಅಲ್ಲೇ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಸಾಲು ಶುರುವಾಗುವಾಗ ಅವರೆಕಾಳಿನ ಗಾತ್ರವಿದ್ದ ಅಕ್ಷರ, ಸಾಲು ಮುಗಿಯುವ ಹೊತ್ತಿಗೆ ಸಾಸಿವೆಯಾಗಿರುತ್ತಿತ್ತು. ದೊಡ್ಡಮ್ಮ ಅದನ್ನು ಪೆನ್ನಿನ ತಪ್ಪು ಎಂದರು. ಪೆನ್ನು ಬದಲಾಯಿತು. ಕನ್ನಡಕ ಬದಲಾಯಿತು. ಕೊನೆಗೆ ಲೆಕ್ಕದ ಪುಸ್ತಕವೂ ಬದಲಾಯಿತು. ಅಕ್ಷರ ಮಾತ್ರ ತನ್ನ ಪಾಡಿಗೆ ತಾನು ಸಣ್ಣದಾಗುತ್ತ ಹೋಯಿತು.

ಇದಕ್ಕೂ ಮೊದಲೇ ಮೂಗು ಸುಳಿವು ಕೊಟ್ಟಿತ್ತು. ಹಲಸಿನ ಹಣ್ಣು ಮನೆಯೊಳಗೆ ಬಂದರೆ ಆಚೆ ಮನೆಯವರು ತಟ್ಟೆ ಹಿಡಿದು ಬರುವಷ್ಟು ವಾಸನೆ. ಅದರ ಪಕ್ಕದಲ್ಲೇ ಕೂತು ಪೇಪರ್ ಓದುವ ದೊಡ್ಡಪ್ಪನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಾಲು ಉಕ್ಕಿ ಸೀದು ಹೋದರೂ ಅಷ್ಟೇ. ‘ವಯಸ್ಸಾಯಿತು, ಶೀತ ಮೂಗಿನಲ್ಲೇ ಮನೆ ಮಾಡಿದೆ’ ಎನ್ನುತ್ತಿದ್ದರು. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲು ವಾಸನೆ ಹೋಗುವುದು ಈ ಕಾಯಿಲೆಯ ಸ್ವಭಾವ. ಅದು ಆಗ ಮನೆಯಲ್ಲಿ ಯಾರಿಗೆ ತಾನೇ ಗೊತ್ತಿರಬೇಕು?

ಕಡೆಗೆ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನೆ ಕೂತಾಗ ಒಂದಕ್ಕೊಂದು ಉಜ್ಜಿಕೊಳ್ಳಲು ಶುರುವಾದ ಮೇಲೆ ಬೆಂಗಳೂರಿಗೆ ಕರೆತಂದೆವು. ವೈದ್ಯರ ಪುಸ್ತಕದಲ್ಲಿ ಇದಕ್ಕೆ ಗುಳಿಗೆ ಉರುಳಿಸುವ ನಡುಕ ಎನ್ನುತ್ತಾರೆ. ಔಷಧಿ ಅಂಗಡಿಯವರು ಬೆರಳಲ್ಲೇ ಗುಳಿಗೆ ಕಟ್ಟುತ್ತಿದ್ದ ಕಾಲದ ಹೆಸರು. ಡಾಕ್ಟರು ನಡೆಸಿ ನೋಡಿದರು, ತೋಳು ಮಡಚಿ ನೋಡಿದರು, ಆಮೇಲೆ ಒಂದು ಹಾಳೆ ಕೊಟ್ಟು ‘ಯಾವುದಾದರೂ ಒಂದು ವಾಕ್ಯ ಬರೆಯಿರಿ’ ಎಂದರು. ದೊಡ್ಡಪ್ಪ ತಲೆಯೆತ್ತಿ, ‘ಸಾಮಾನ್ಯ ವಾಕ್ಯವೋ, ಸಂಯೋಜಿತ ವಾಕ್ಯವೋ, ಮಿಶ್ರ ವಾಕ್ಯವೋ?’ ಎಂದು ಕೇಳಿದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ಮಾತ್ರ ನಗಲಿಲ್ಲ. ಅವರು ನಗಲಿಲ್ಲ ಎಂಬುದೂ ಕಾಯಿಲೆಯ ಒಂದು ಲಕ್ಷಣ ಎಂದು ಆಮೇಲೆ ತಿಳಿಯಿತು. ಮುಖದ ಸ್ನಾಯುಗಳು ಬಿಗಿದುಕೊಂಡು ಒಳಗಿನ ನಗು ಹೊರಗೆ ಬರುವುದೇ ಇಲ್ಲವಂತೆ.

ಇದರಿಂದ ಊರಿನಲ್ಲಿ ಬೇರೆಯೇ ತೊಂದರೆಯಾಯಿತು. ನೋಡಲು ಬಂದವರೆಲ್ಲ ಮೇಷ್ಟ್ರಿಗೆ ಸಿಟ್ಟು ಬಂದಿದೆ ಎಂದುಕೊಂಡರು. ಮೊಮ್ಮಕ್ಕಳನ್ನು ಕಂಡ ಹಳೆಯ ವಿದ್ಯಾರ್ಥಿಗಳೂ ಜಗಲಿಯ ಮೇಲೆ ಕೂರದೆ ಕೈಕಟ್ಟಿ ನಿಂತೇ ಸೊಪ್ಪಿನ ಗುಣ ವರ್ಣಿಸಿ, ಒಪ್ಪಿಸಬೇಕಾದ ಪಾಠ ಒಪ್ಪಿಸಿದ ಹಾಗೆ ಗಡಿಬಿಡಿಯಲ್ಲಿ ಹೊರಟುಬಿಡುತ್ತಿದ್ದರು. ‘ಪಾಪ, ಕೂತ್ಕೋ ಅಂತ ಹೇಳಿದೆ ಮಾರಾಯ, ಅವನಿಗೆ ಕೇಳಿಸಲಿಲ್ಲ’ ಎಂದು ದೊಡ್ಡಪ್ಪ ಆಮೇಲೆ ಪೇಚಾಡುತ್ತಿದ್ದರು. ಒಂದು ಕಾಲದಲ್ಲಿ ಮೈದಾನದಾಚೆಯ ಹುಡುಗರನ್ನು ಇಲ್ಲಿಂದಲೇ ಗದರಿಸುತ್ತಿದ್ದ ದನಿಯೂ ಇಳಿದುಹೋಗಿತ್ತು.

ಈ ಕಾಯಿಲೆಗೆ ಹೆಸರು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ ಎಂಬ ಭಾಗದಲ್ಲಿ ಮದ್ದು ಕೊಡುತ್ತಿದ್ದವನು. 1794ರಲ್ಲಿ ರಾಜ ಮೂರನೆಯ ಜಾರ್ಜನನ್ನು ಕೊಲ್ಲುವ ಸಂಚೊಂದರ ವಿಚಾರಣೆಯಲ್ಲಿ ಸಾಕ್ಷಿಯಾಗಿ ನಿಂತು ಬಂದವನು. ನಡುಗುವ ಲಕ್ವದ ಬಗ್ಗೆ ಅವನು ಪ್ರಬಂಧ ಬರೆದದ್ದು 1817ರಲ್ಲಿ. ಒಟ್ಟು ಆರು ಜನರನ್ನು ನೋಡಿ ಬರೆದ. ಆ ಆರರಲ್ಲೂ ಇಬ್ಬರು ಬೀದಿಯಲ್ಲಿ ಎದುರಾದವರು, ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ. ಅವನು ಸೂಚಿಸಿದ ಚಿಕಿತ್ಸೆಯೇನು ಗೊತ್ತೇ? ಕುತ್ತಿಗೆಯ ಹಿಂಭಾಗದಲ್ಲಿ ರಕ್ತ ತೆಗೆಯುವುದು, ಆಮೇಲೆ ಅಲ್ಲಿ ಗುಳ್ಳೆ ಎಬ್ಬಿಸಿ ಕೀವು ಸೋರುವ ಹಾಗೆ ಇಡುವುದು. ಇದನ್ನು ಓದಿ ಹೇಳಿದಾಗ ದೊಡ್ಡಪ್ಪ, ‘ನಮ್ಮೂರಿನವರ ಕಷಾಯವೇ ವಾಸಿ’ ಎಂದರು. ಆದರೆ ಆ ಪ್ರಬಂಧದಲ್ಲಿ ಪಾರ್ಕಿನ್ಸನ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಗುಣವಾಗದಿದ್ದರೂ, ಕಾಯಿಲೆ ಮುಂದುವರಿಯದಂತೆ ತಡೆಯುವ ಉಪಾಯವೊಂದು ಬೇಗ ಸಿಕ್ಕೀತು ಎಂದು ಆಸೆ ಪಟ್ಟಿದ್ದಾನೆ. ಇನ್ನೂರು ವರ್ಷ ದಾಟಿತು. ಆ ಆಸೆ ಇನ್ನೂ ಆಸೆಯಾಗಿಯೇ ಇದೆ.

ತಡೆಯಬೇಕಾದ್ದು ಏನನ್ನು? ಮಿದುಳಿನ ಬುಡದ ಬಳಿ ಕಪ್ಪಗಿನ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಾವು ನೆನೆದಂತೆ ಕೈಕಾಲು ಆಡಬೇಕಾದರೆ ಅದು ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಈ ಕಾಯಿಲೆ. ಕೈ ನಡುಗಿ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಅರ್ಧ ಅಥವಾ ಅದಕ್ಕೂ ಹೆಚ್ಚು ಹೋಗಿಬಿಟ್ಟಿರುತ್ತವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ಆದರೂ ಹಾಕಲೇಬೇಕಲ್ಲ, ಒಳಗೆ ಇನ್ನೂ ಅರ್ಧ ಊರಿದೆ. ಆ ಬಾಗಿಲಿಗೆ ಸರಿಯಾದ ಅಗುಳಿ ಯಾವುದಾದರೂ ಗಿಡದಲ್ಲಿ ಇದ್ದೀತೇ ಎಂದು ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಹುಡುಕುತ್ತಿದ್ದಾರೆ. ಅರಿಸಿನ, ಅಶ್ವಗಂಧ, ಬ್ರಾಹ್ಮಿ, ಹಸಿರು ಚಹಾ, ದ್ರಾಕ್ಷಿ ಸಿಪ್ಪೆ ಎಲ್ಲವೂ ಸರದಿಯಲ್ಲಿ ನಿಂತಿವೆ. ನಮ್ಮ ಜಗಲಿಯಲ್ಲೂ ಹೆಚ್ಚುಕಡಿಮೆ ಅದೇ ಸರದಿ, ಅದೇ ಗಿಡಗಳು.

ಮೊದಲು ಬಂದದ್ದು ಬ್ರಾಹ್ಮಿ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ಗದ್ದೆಯ ಬದುವಿನ ನೀರುಬ್ರಾಹ್ಮಿಗೂ ಬ್ರಾಹ್ಮಿ ಎನ್ನುತ್ತಾರೆ. ಒಂದು ಮನೆಯವರು ಅದನ್ನು ತಂದರು, ಇನ್ನೊಂದು ಮನೆಯವರು ಇದನ್ನು. ದೊಡ್ಡಮ್ಮ ಯಾರ ಮನಸ್ಸನ್ನೂ ನೋಯಿಸದೆ ಎರಡನ್ನೂ ಸೇರಿಸಿ ರುಬ್ಬಿ ತಂಬುಳಿ ಮಾಡಿದರು. ಮೆಣಸು ಜೀರಿಗೆ ಹುರಿದು ಹಾಕಿದ ತಂಬುಳಿ, ಮನೆಯವರೆಲ್ಲ ಎರಡೆರಡು ಸಲ ಬಡಿಸಿಕೊಂಡೆವು.

ಇದರ ಹಿಂದೆ ನಿಜವಾದ ವಿಜ್ಞಾನವೂ ಇದೆ, ಅದೂ ನಮ್ಮ ಮೈಸೂರಿನದೇ. ಚೆಲುವಾಂಬ ಅರಮನೆಯಲ್ಲಿರುವ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ನೀರುಬ್ರಾಹ್ಮಿಯ ಪುಡಿಯನ್ನು ಹಣ್ಣುನೊಣಗಳಿಗೆ ತಿನ್ನಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹಣ್ಣುನೊಣ ಎಂದರೆ ಕಳಿತ ಬಾಳೆಹಣ್ಣಿನ ಮೇಲೆ ಗುಂಯ್‌ಗುಡುವ ಆ ಎಳ್ಳಿನಷ್ಟು ಚಿಕ್ಕ ನೊಣ. ಅದಕ್ಕೆ ಮೊದಲು ಪಾರ್ಕಿನ್ಸನ್ ಬರಬೇಕಲ್ಲ? ಅದಕ್ಕೆ ರೊಟೆನೋನ್ ಎಂಬ ವಿಷ ಕೊಡುತ್ತಾರೆ. ಇದೂ ಗಿಡದ್ದೇ. ಡೆರಿಸ್ ಎಂಬ ಬಳ್ಳಿಯ ಬೇರಿನಲ್ಲಿ ಇರುತ್ತದೆ. ನಮ್ಮ ಕಡೆ ಹಿಂದೆ ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದಂತೆ, ಆಗ್ನೇಯ ಏಷ್ಯಾದವರು ಈ ಬೇರು ಜಜ್ಜಿ ಹಾಕುತ್ತಿದ್ದರು. ಇಲಿಗಳಿಗೆ ಇದನ್ನು ಕೊಟ್ಟರೆ ಪಾರ್ಕಿನ್ಸನ್ನಿನಂಥದೇ ಅವಸ್ಥೆ ಬರುತ್ತದೆ ಎಂದು ಅಮೆರಿಕದವರು 2000ದಲ್ಲಿ ತೋರಿಸಿದ್ದರು.

ನೊಣದ ಪರೀಕ್ಷೆ ಬಲು ಸೊಗಸು. ನೊಣಗಳನ್ನು ಗಾಜಿನ ಕೊಳವೆಯಲ್ಲಿಟ್ಟು ಕೊಳವೆಯನ್ನು ಮೆಲ್ಲಗೆ ತಟ್ಟುತ್ತಾರೆ. ಎಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿರುವ ನೊಣ ಬಿದ್ದ ಕೂಡಲೇ ಗಾಜಿನ ಗೋಡೆ ಹಿಡಿದು ಸರಸರ ಮೇಲೆ ಹತ್ತುತ್ತದೆ. ವಿಷ ತಿಂದದ್ದು ತಳದಲ್ಲೇ ತಡವರಿಸುತ್ತದೆ. ಬ್ರಾಹ್ಮಿಯ ಪುಡಿಯನ್ನೂ ತಿಂದ ನೊಣಗಳು ಬರೀ ವಿಷ ತಿಂದವಕ್ಕಿಂತ ಚೆನ್ನಾಗಿ ಹತ್ತಿದವು, ಸತ್ತವೂ ಕಡಿಮೆ. ನಾನು ಇದನ್ನು ಊಟದ ಹೊತ್ತಿನಲ್ಲಿ ತುಸು ಹೆಮ್ಮೆಯಿಂದಲೇ ವಿವರಿಸಿದೆ. ಮೈಸೂರು, ಬ್ರಾಹ್ಮಿ, ವಿಜ್ಞಾನ ಮೂರೂ ಒಂದೇ ವಾಕ್ಯದಲ್ಲಿ ಬರುವುದು ಅಪರೂಪವಲ್ಲವೇ? ದೊಡ್ಡಪ್ಪ ತಂಬುಳಿಯ ಲೋಟ ಎರಡೂ ಕೈಯಲ್ಲಿ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ‘ನನಗೆ ಗೋಡೆ ಹತ್ತುವುದು ಬೇಡ ಮಾರಾಯ, ಮಂಚ ಇಳಿದರೆ ಸಾಕು’ ಎಂದರು.

ಆ ಮಾತಿನಲ್ಲಿ ಈ ಸಂಶೋಧನೆಯ ಕಷ್ಟ ಅಷ್ಟೂ ಇದೆ. ನೊಣಕ್ಕೆ ವಿಷವೂ ಮದ್ದೂ ಒಂದೇ ವಾರದಲ್ಲಿ ಸಿಗುತ್ತವೆ. ಮನುಷ್ಯನಿಗೆ ಈ ಕಾಯಿಲೆ ಹತ್ತಾರು ವರ್ಷ ಕದ್ದುಮುಚ್ಚಿ ಬೆಳೆಯುತ್ತದೆ, ಯಾವ ವಿಷ ಎಂಬುದೂ ಬಹುಪಾಲು ಜನರಲ್ಲಿ ಪತ್ತೆಯಾಗುವುದಿಲ್ಲ. ಅರಿಸಿನದ ಕತೆ ಇನ್ನೂ ಬೇಜಾರು. ಅದರ ಕರ್ಕ್ಯುಮಿನ್ ಗಾಜಿನ ತಟ್ಟೆಯ ಜೀವಕೋಶಗಳನ್ನು ಚೆನ್ನಾಗಿಯೇ ಕಾಯುತ್ತದೆ. ನಮ್ಮ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದೇ ತೀರ ಅಲ್ಪ, ಸೇರಿದ್ದನ್ನೂ ಪಿತ್ತಜನಕಾಂಗ ಬೇಗ ಒಡೆದುಹಾಕುತ್ತದೆ. ಅದು ಮಿದುಳಿನವರೆಗೆ ಹೋಗಿ ಮುಟ್ಟುವುದು ಯಾವಾಗ?

ಆಮೇಲೆ ಲಕ್ಷ್ಮಣಫಲದ ಸರದಿ. ಇದು ಸೀತಾಫಲದ ಕುಟುಂಬದ, ಮೈಮೇಲೆ ಮುಳ್ಳಿರುವ ಹಸಿರು ಹಣ್ಣು. ಕ್ಯಾನ್ಸರಿಗೆ ರಾಮಬಾಣ ಎಂಬ ವಾಟ್ಸ್‌ಆ್ಯಪ್ ಕೀರ್ತಿ ಅದಕ್ಕೆ ಅಂಟಿದೆ. ನೆಂಟರೊಬ್ಬರು ನರ್ಸರಿಯಿಂದ ಸಸಿ ತಂದುಕೊಟ್ಟು, ‘ಗಿಡ ದೊಡ್ಡದಾಗುವ ತನಕ ಇದನ್ನು ಕುದಿಸಿ ಕೊಡಿ’ ಎಂದು ಒಂದು ಕಟ್ಟು ಒಣಗಿದ ಎಲೆಯನ್ನೂ ಕೊಟ್ಟು ಹೋದರು. ‘ಸೀತಾಫಲ ಇತ್ತು, ರಾಮಫಲ ಇತ್ತು, ಈಗ ಲಕ್ಷ್ಮಣಫಲ. ಒಟ್ಟಿನಲ್ಲಿ ವನವಾಸಕ್ಕೆ ಹೋದವರೆಲ್ಲ ಹಣ್ಣಾಗಿಬಿಟ್ಟರು’ ಎಂದರು ದೊಡ್ಡಪ್ಪ. ಎಲೆಯನ್ನು ಕುದಿಯಲು ಇಡುವುದಕ್ಕೆ ನಾನು ಬಿಡಲಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಎಂಬ ಫ್ರೆಂಚ್ ದ್ವೀಪವಿದೆ. ಅಲ್ಲಿ ಪಾರ್ಕಿನ್ಸನ್ನನ್ನು ಹೋಲುವ, ಆದರೆ ಅದರ ಮಾತ್ರೆಗೆ ಬಗ್ಗದ ಒಂದು ಕಾಯಿಲೆ ವಿಪರೀತವಾಗಿ ಕಂಡಿತು. ಆ ರೋಗಿಗಳು ಇದೇ ಹಣ್ಣನ್ನು ತಿನ್ನುವವರು, ಇದೇ ಎಲೆಯ ಚಹಾ ಕುಡಿಯುವವರು ಎಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಅದರಲ್ಲಿನ ಅನೊನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷ. ಹಣ್ಣೇ ಕಾರಣ ಎಂದು ಪೂರಾ ಸಾಬೀತಾಗಿಲ್ಲ ಎನ್ನುವವರೂ ಇದ್ದಾರೆ, ಸರಿ. ಆದರೆ ನಡುಗುವ ಕೈಗೆ ಅದೇ ಎಲೆಯ ಕಷಾಯ ಕೊಟ್ಟು ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ಗಿಡದ್ದು, ಆದ್ದರಿಂದ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಈ ದ್ವೀಪ ನೆನಪಾಗುತ್ತದೆ.

ಕಾಫಿಯ ವಿಷಯದಲ್ಲಿ ಮಾತ್ರ ದೊಡ್ಡಪ್ಪ ವಿಜ್ಞಾನದ ಮೇಲೆ ವೈಯಕ್ತಿಕವಾಗಿ ಮುನಿಸಿಕೊಂಡಿದ್ದಾರೆ. ಹವಾಯಿಯ ಹೊನೊಲುಲುವಿನಲ್ಲಿ ಜಪಾನಿ ಮೂಲದ ಎಂಟು ಸಾವಿರ ಗಂಡಸರನ್ನು ಸುಮಾರು ಮೂವತ್ತು ವರ್ಷ ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ತೀರಾ ಕಡಿಮೆ, ಕುಡಿಯದವರಲ್ಲಿ ಹೆಚ್ಚು. ‘ಬೆಳಗ್ಗೆ ಎದ್ದ ಕೂಡಲೇ ಒಂದು, ತಿಂಡಿಗೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಎರಡು. ಹಾಗಾದರೆ ನನಗೆ ಬಂದದ್ದು ಹೇಗೆ?’ ಎಂದು ಅವರು ಕೇಳಿದರು. ಸಾವಿರ ಜನರ ಲೆಕ್ಕ ಒಬ್ಬರಿಗೆ ಅನ್ವಯಿಸಲೇಬೇಕು ಎಂದಿಲ್ಲ ಎಂದು ನಾನು ಸಂಖ್ಯಾಶಾಸ್ತ್ರ ಶುರುಮಾಡಿದೆ. ‘ದೊಡ್ಡಮ್ಮ ಕಾಫಿಗೆ ನೀರು ಜಾಸ್ತಿ ಹಾಕುತ್ತಿದ್ದಳು, ಅದೇ ಕಾರಣ’ ಎಂದು ಅವರು ತೀರ್ಪು ಕೊಟ್ಟು ಮುಗಿಸಿದರು. ಒಳಗಿನಿಂದ ಪಾತ್ರೆಯೊಂದು ಸದ್ದು ಮಾಡಿತು. ಕಾಯಿಲೆ ಬಂದ ಮೇಲೆ ಕೆಫೀನ್ ಕೊಟ್ಟು ನೋಡಿದ ಪ್ರಯೋಗವೂ ನಡೆದಿದೆ. ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಸಿಗರೇಟು ಸೇದುವವರಲ್ಲೂ ಈ ಕಾಯಿಲೆ ಕಡಿಮೆ ಎಂಬ ಲೆಕ್ಕವಿದೆ. ಅದನ್ನು ನಾನು ದೊಡ್ಡಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಒಬ್ಬ ಮನುಷ್ಯ ಬಂದ. ದೊಡ್ಡಪ್ಪನ ಹಳೆಯ ವಿದ್ಯಾರ್ಥಿ. ಈಗ ತೋಟ, ಮನೆ, ಸೊಸೆಯಂದಿರು ಎಲ್ಲ ಇರುವ ಯಜಮಾನ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹೊಳೆಯುವ ಕಪ್ಪು ಬೀಜ. ‘ಮೇಷ್ಟ್ರೇ, ನಸುಗುನ್ನಿ ಬೀಜ. ಹಾಲಲ್ಲಿ ಬೇಯಿಸಿ ಸಿಪ್ಪೆ ತೆಗೆದು ಪುಡಿ ಮಾಡಬೇಕು. ನಮ್ಮ ಪಂಡಿತರು ಹೇಳಿದ್ದು’ ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಮುಖ ಬೆವರಿತ್ತು.

ನಸುಗುನ್ನಿ ಗೊತ್ತಿಲ್ಲದ ಪೇಟೆಯವರಿಗೆ ಒಂದು ಮಾತು. ಬೇಲಿಯ ಮೇಲೆ, ಕಾಡಂಚಿನಲ್ಲಿ ಹಬ್ಬುವ ಬಳ್ಳಿ ಇದು. ಕಡುನೇರಳೆ ಹೂಗೊಂಚಲು ನೋಡಲು ಚೆಂದ. ಹುಣಸೆಕಾಯಿಯ ಅಂದಾಜಿನ, ಎಸ್ ಅಕ್ಷರದಂತೆ ಬಾಗಿದ ಕಾಯಿಯ ಮೇಲೆ ಚಿನ್ನದ ಬಣ್ಣದ ನಯವಾದ ರೋಮ. ಆ ರೋಮ ಮೈಗೆ ತಾಗಿತೋ, ಮುಗಿಯಿತು. ತುರಿಕೆ ಎಂದರೆ ಅಂತಿಂಥ ತುರಿಕೆಯಲ್ಲ. ಕೆರೆದಷ್ಟೂ ಹರಡುತ್ತದೆ, ತೊಳೆದರೂ ಬಿಡುವುದಿಲ್ಲ, ಸೆಗಣಿ ಬಳಿದುಕೊಂಡು ಕೂರಬೇಕು. ಮಲೆನಾಡಿನ ಶಾಲೆಗಳಲ್ಲಿ ಲೆಕ್ಕ ಬಾರದ ಹುಡುಗರ ಬ್ರಹ್ಮಾಸ್ತ್ರ ಇದೇ. ಆರನೇ ಕ್ಲಾಸಿನಲ್ಲಿ ಭಿನ್ನರಾಶಿಗೆ ಪೆಟ್ಟು ತಿಂದ ಒಬ್ಬ ಹುಡುಗ ಒಂದು ಶನಿವಾರ ಬೆಳಗ್ಗೆ ಕಾಗದದಲ್ಲಿ ಕಟ್ಟಿ ತಂದ ರೋಮವನ್ನು ಹೆಡ್‌ಮಾಸ್ತರರ ಕುರ್ಚಿಗೆ ಉದುರಿಸಿದ್ದ. ಆ ದಿನ ಶಾಲೆಗೆ ಪ್ರಾರ್ಥನೆಯಾದ ಕೂಡಲೇ ರಜೆ ಸಿಕ್ಕಿತು. ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ ಎಂದು ಊರು ತಿಳಿದಿತ್ತು.

ದೊಡ್ಡಪ್ಪ ಡಬ್ಬಿಯನ್ನೂ ಅವನನ್ನೂ ಒಂದೊಂದು ಸಲ ನೋಡಿದರು. ಆಮೇಲೆ ಆ ಇಳಿದ ದನಿಯಲ್ಲೇ, ‘ಅವತ್ತು ಕುರ್ಚಿಗೆ ಹಾಕಿದೆ, ಇವತ್ತು ಬಾಯಿಗೇ ಹಾಕಲಿಕ್ಕೆ ಬಂದೆಯಾ?’ ಎಂದರು. ಆತ ಮೊದಲು ಬಿಳಿಚಿಕೊಂಡ, ಆಮೇಲೆ ಕಾಲಿಗೆ ಬಿದ್ದ, ಆಮೇಲೆ ಮೊದಲ ಸಲ ಜಗಲಿಯ ಮೇಲೆ ಕೂತುಕೊಂಡ.

ತಮಾಷೆಯೆಂದರೆ, ಆ ಸರದಿಯಲ್ಲಿ ಬಂದ ಎಲ್ಲ ಗಿಡಗಳ ಪೈಕಿ ಗಟ್ಟಿಯಾದ ಸಾಕ್ಷಿ ಇರುವುದು ಈ ಬೀಜಕ್ಕೇ. ಇದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಲೆವೊಡೋಪಾ ಇದೆ. ದೊಡ್ಡಪ್ಪ ದಿನಾ ನುಂಗುವ ಸಿಂಡೋಪಾ ಮಾತ್ರೆಯಲ್ಲಿ ಇರುವುದೂ ಅದೇ. ಡೋಪಮೈನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ದಾಟಿದ ಮೇಲೆ ಅಲ್ಲಿ ಡೋಪಮೈನ್ ಆಗುತ್ತದೆ.

ಈ ಲೆವೊಡೋಪಾದ ಚರಿತ್ರೆ ಓದುತ್ತ ಕೂತರೆ ಹೊಟ್ಟೆಯಲ್ಲಿ ಏನೋ ಸಂಕಟವಾಗುತ್ತದೆ. 1913ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಮಾರ್ಕುಸ್ ಗುಗೆನ್‌ಹೈಮ್ ಎಂಬ ರಸಾಯನಶಾಸ್ತ್ರಜ್ಞ ಯುರೋಪಿನ ಬಾಕ್ಲಾ ಅವರೆಯಿಂದ ಇದನ್ನು ಬೇರ್ಪಡಿಸಿದ. ಮೊಲಕ್ಕೆ ಕೊಟ್ಟ, ಏನೂ ಆಗಲಿಲ್ಲ. ತಾನೇ ಎರಡೂವರೆ ಗ್ರಾಂ ನುಂಗಿದ, ವಾಂತಿಯಾಯಿತು. ಉಪಯೋಗವಿಲ್ಲದ ವಸ್ತು ಎಂದು ಬದಿಗಿಟ್ಟ. 1937ರಲ್ಲಿ ಮದರಾಸು ವಿಶ್ವವಿದ್ಯಾಲಯದ ಜೀವರಸಾಯನ ಪ್ರಯೋಗಾಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ನಮ್ಮ ಈ ನಸುಗುನ್ನಿ ಬೀಜದಿಂದ ಅದೇ ವಸ್ತುವನ್ನು ತೆಗೆದು, ಬ್ರಿಟನ್ನಿನ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆ ಶೀಶೆಯಲ್ಲಿದ್ದದ್ದು ಪಾರ್ಕಿನ್ಸನ್ನಿನ ಮದ್ದು ಎಂದು ಜಗತ್ತಿನಲ್ಲಿ ಯಾರಿಗೂ ಆಗ ಗೊತ್ತಿರಲಿಲ್ಲ. ಡೋಪಮೈನ್ ಮಿದುಳಿನಲ್ಲಿ ಏನು ಮಾಡುತ್ತದೆ ಎಂದೇ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಮದರಾಸಿನ ಬೀದಿಗಳಲ್ಲೂ ಕೈ ನಡುಗುವ ಮುದುಕರು ಓಡಾಡಿಕೊಂಡಿದ್ದಿರಬೇಕು. ಪ್ರಯೋಗಾಲಯದ ಗೇಟಿನ ಮುಂದೆಯೇ ಹಾದುಹೋಗಿದ್ದಿರಬಹುದು.

ಗೊತ್ತಾಗುವುದಕ್ಕೆ ಇನ್ನೊಂದು ಗಿಡ ಬರಬೇಕಾಯಿತು, ಅದೂ ನಮ್ಮ ಕಾಡಿನದೇ. ಸರ್ಪಗಂಧದ ಬೇರಿನಿಂದ ಬಿ.ಪಿ. ಇಳಿಯುತ್ತದೆ ಎಂದು ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಔಷಧಿ ತೆಗೆದರು, ಮತ್ತೆ ಅದೇ ಬಾಸೆಲ್ ಊರಿನಲ್ಲಿ. ಈ ರೆಸರ್ಪಿನ್ ಮಿದುಳಿನ ಡೋಪಮೈನ್ ದಾಸ್ತಾನನ್ನು ಬರಿದು ಮಾಡಿಬಿಡುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ಇದನ್ನು ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಅಲ್ಲಾಡದೆ ಕೂತವು. ಆಮೇಲೆ ಲೆವೊಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಕಿವಿ ನೆಟ್ಟಗಾಗಿ, ಎದ್ದು ಓಡಾಡತೊಡಗಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು. ವಿಯೆನ್ನಾದಲ್ಲಿ 1961ರಲ್ಲಿ ರೋಗಿಗಳಿಗೆ ಲೆವೊಡೋಪಾ ಚುಚ್ಚಿ ನೋಡಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಗೆದ್ದರು. ಮೊಲ ಕೂತದ್ದು ನಮ್ಮ ಸರ್ಪಗಂಧದಿಂದ. ಅದನ್ನು ಎಬ್ಬಿಸಿದ ವಸ್ತು ನಮ್ಮ ನಸುಗುನ್ನಿಯಲ್ಲಿತ್ತು. ಎರಡೂ ಒಂದೇ ಗುಡ್ಡದಲ್ಲಿ ಬೆಳೆಯುತ್ತವೆ. ನಾವು ಒಂದನ್ನು ಗುತ್ತಿಗೆದಾರನಿಗೆ ಮಾರಿಕೊಂಡೆವು, ಇನ್ನೊಂದನ್ನು ಮೇಷ್ಟ್ರ ಕುರ್ಚಿಗೆ ಹಾಕಿದೆವು.

ಬೀಜದ ಪುಡಿಯನ್ನೇ ಮನುಷ್ಯರಿಗೆ ಕೊಟ್ಟು ನೋಡಿದ ಪ್ರಯೋಗಗಳಿವೆ. 2004ರಲ್ಲಿ ಲಂಡನ್ನಿನಲ್ಲಿ ಎಂಟು ಜನ ರೋಗಿಗಳಿಗೆ ಮೂವತ್ತು ಗ್ರಾಂ ಪುಡಿ ಕೊಟ್ಟಾಗ, ಮಾತ್ರೆಗಿಂತ ಬೇಗ, ಅರ್ಧ ಗಂಟೆಯ ಆಸುಪಾಸಿನಲ್ಲೇ ಕೈಕಾಲು ಸಡಿಲವಾದವು. ಗುಣವೂ ಮಾತ್ರೆಯದಕ್ಕಿಂತ ಅರ್ಧ ಗಂಟೆಗೂ ತುಸು ಹೆಚ್ಚು ಹೊತ್ತು ನಿಂತಿತು. ಮಾತ್ರೆ ಕೊಳ್ಳಲಾಗದ ಬಡ ದೇಶದವರಿಗೆ ಇದು ಸಿಕ್ಕರೆ ಒಳ್ಳೆಯದೆಂದು ಇಟಲಿಯ ವೈದ್ಯರು ಬೊಲಿವಿಯಾದಲ್ಲಿ ಹದಿನೆಂಟು ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಒಳ್ಳೆಯ ಫಲಿತಾಂಶವನ್ನೇ ಪ್ರಕಟಿಸಿದರು. ಆದರೆ ತಿಂಗಳುಗಟ್ಟಲೆ ಕೊಟ್ಟಾಗ ಅರ್ಧದಷ್ಟು ಜನ ನಡುವೆಯೇ ಬಿಟ್ಟರು. ಕೆಲವರಿಗೆ ಹೊಟ್ಟೆ ತಾಳಲಿಲ್ಲ, ಕೆಲವರಿಗೆ ನಡಿಗೆ ಹದಗೆಟ್ಟಿತು. ಗುಗೆನ್‌ಹೈಮನ ವಾಂತಿ ಸುಳ್ಳಲ್ಲ. ಮಾತ್ರೆಯಲ್ಲಿ ಕಾರ್ಬಿಡೋಪಾ ಎಂಬ ಜೊತೆಗಾರ ಇರುತ್ತದೆ. ಅದು ಲೆವೊಡೋಪಾವನ್ನು ಹೊಟ್ಟೆಯಲ್ಲೂ ರಕ್ತದಲ್ಲೂ ಕರಗಿಹೋಗದಂತೆ ಕಾದು ಮಿದುಳಿಗೆ ದಾಟಿಸುತ್ತದೆ. ಬರೀ ಬೀಜ ತಿಂದರೆ ಆ ಕಾವಲಿಲ್ಲ.

ಡಬ್ಬಿಯನ್ನು ನಾವು ಮುಂದಿನ ಸಲ ಡಾಕ್ಟರಿಗೆ ತೋರಿಸಿದೆವು. ಅವರು ಹೀಯಾಳಿಸಲಿಲ್ಲ. ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, ‘ಇದೂ ಔಷಧಿಯೇ. ಅದಕ್ಕೇ ಮಾತ್ರೆಯ ಜೊತೆ ಬೇಡ ಅನ್ನುವುದು. 100 ಮಿಲಿಗ್ರಾಂ ಎಂದು ನಾನು ಬರೆದದ್ದು ಲೆಕ್ಕಕ್ಕೆ ಸಿಗುತ್ತದೆ. ಈ ಬೀಜದಲ್ಲಿ ಎಷ್ಟಿದೆ ಎಂದು ಬೀಜಕ್ಕೂ ಗೊತ್ತಿಲ್ಲ. ಎರಡೂ ಸೇರಿ ಹೆಚ್ಚಾದರೆ ಮೈ ತಾನೇ ತಾನಾಗಿ ಕುಣಿಯತೊಡಗುತ್ತದೆ, ಇಲ್ಲದವರು ಕಣ್ಣಿಗೆ ಕಾಣುತ್ತಾರೆ’ ಎಂದರು. ದೊಡ್ಡಪ್ಪ ಒಂದೇ ಪ್ರಶ್ನೆ ಕೇಳಿದರು: ‘ಇದಾಗಲಿ ಅದಾಗಲಿ, ಉಳಿದದ್ದನ್ನು ಕಾಯುತ್ತದೆಯೇ?’ ಡಾಕ್ಟರು ಇಲ್ಲ ಎಂದರು. ಲೆವೊಡೋಪಾ ಕೊರತೆಯನ್ನು ತುಂಬುತ್ತದೆ, ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ. ಅದನ್ನು ನಿಲ್ಲಿಸುತ್ತದೆ ಎಂದು ಮನುಷ್ಯರಲ್ಲಿ ಸಾಬೀತಾದ ಗಿಡ, ಮಾತ್ರೆ, ಚುಚ್ಚುಮದ್ದು ಯಾವುದೂ ಇಲ್ಲ. ದೊಡ್ಡಪ್ಪ ‘ಸರಿ’ ಎಂದರು. ತಪ್ಪು ಉತ್ತರ ಬರೆದವನಿಗೂ ಪ್ರಯತ್ನಕ್ಕೆಂದು ಒಂದು ಅಂಕ ಕೊಡುತ್ತಿದ್ದ ಮೇಷ್ಟ್ರು ಅವರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ, ‘ಆ ಮೈಸೂರಿನ ನೊಣಗಳು ಈಗ ಹೇಗಿವೆ?’ ಎಂದು ಕೇಳಿದರು. ಹದಿನೈದು ವರ್ಷಕ್ಕೂ ಹಿಂದಿನ ನೊಣಗಳ ಯೋಗಕ್ಷೇಮ ನನಗೆ ಹೇಗೆ ಗೊತ್ತಿರಬೇಕು? ಆದರೆ ಅವರು ನಿಜವಾಗಿ ಕೇಳುತ್ತಿದ್ದದ್ದು ಏನೆಂದು ಗೊತ್ತಿತ್ತು. ಪ್ರಯೋಗ ಮುಂದುವರಿದಿದೆ ಎಂದೆ. ಅದು ಸುಳ್ಳಲ್ಲ. ನೊಣದಿಂದ ಇಲಿಗೆ, ಇಲಿಯಿಂದ ಮತ್ತೆ ನೊಣಕ್ಕೆ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಸೊಪ್ಪುಗಳಲ್ಲಿ ಅದು ನಡೆದೇ ಇದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ಬಹಳ ಉದ್ದ, ಬಹಳ ಖರ್ಚಿನದು. ಪೇಟೆಂಟ್ ಸಿಗದ ತಂಬುಳಿ ಸೊಪ್ಪಿಗೆ ಅಷ್ಟು ದುಡ್ಡು ಹಾಕುವ ಕಂಪನಿ ಯಾವುದಿದೆ?

ಈಗ ಮನೆಯ ದಿನಚರಿಯೆಲ್ಲ ಮಾತ್ರೆಯ ಸುತ್ತ. ಬೇಳೆ, ಮೊಸರಿನ ಪ್ರೋಟೀನು ಲೆವೊಡೋಪಾದ ಜೊತೆ ಪೈಪೋಟಿಗೆ ಇಳಿಯುತ್ತದೆ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಆಗಬೇಕು. ದೊಡ್ಡಮ್ಮ ಗಡಿಯಾರ ನೋಡಿ ಸಾರು ಇಳಿಸುತ್ತಾರೆ. ಮಾತ್ರೆಯ ಗುಣ ಇಳಿದ ಹೊತ್ತಿನಲ್ಲಿ ದೊಡ್ಡಪ್ಪ ಹೊಸಿಲ ಬಳಿ ಬಂದು ಗಕ್ಕನೆ ನಿಂತುಬಿಡುತ್ತಾರೆ. ನೆಲಕ್ಕೆ ಕಾಲು ಅಂಟಿದ ಹಾಗೆ. ಬಾಗಿಲು, ತಿರುವು, ಇಕ್ಕಟ್ಟು ಜಾಗಗಳಲ್ಲಿ ಹೀಗಾಗುವುದು ಮಾಮೂಲು. ಕಣ್ಣೆದುರು ದಾಟಲು ಒಂದು ಗೆರೆ ಇದ್ದರೆ ಕಾಲು ತಾನಾಗಿ ಏಳುತ್ತದೆ. ಅದಕ್ಕೆ ದೊಡ್ಡಮ್ಮ ದಿನಾ ಬೆಳಗ್ಗೆ ಅಂಗಳದ ರಂಗೋಲಿ ಮುಗಿಸಿದ ಮೇಲೆ ಅದೇ ಹಿಟ್ಟಿನಲ್ಲಿ ಹೊಸಿಲಿನ ಈಚೆ ಒಂದೊಂದು ಹೆಜ್ಜೆ ದೂರಕ್ಕೆ ಅಡ್ಡಗೆರೆಗಳನ್ನು ಎಳೆಯುತ್ತಾರೆ. ದೊಡ್ಡಪ್ಪ ಬಂದು ನಿಲ್ಲುತ್ತಾರೆ, ಗೆರೆ ನೋಡುತ್ತಾರೆ, ತಮಗೆ ತಾವೇ ‘ಲೆಫ್ಟ್, ರೈಟ್’ ಎಂದು ಡ್ರಿಲ್ ಹೇಳಿಕೊಂಡು ದಾಟುತ್ತಾರೆ. ಗೆರೆ ಸೊಟ್ಟಗಿದ್ದರೆ ತಿದ್ದಲು ಹೇಳುತ್ತಾರೆ. ಹೇಗೂ ಸೊಟ್ಟ ಎಂದು ದೊಡ್ಡಮ್ಮ ಒಂದು ಸಲ ಅಳಿಸಿಬಿಟ್ಟಿದ್ದರಂತೆ, ಆ ದಿನ ಮಧ್ಯಾಹ್ನದ ಊಟ ಜಗಲಿಯಲ್ಲೇ ಆಯಿತು.

ನೋಡಲು ಬರುವವರು ಖಂಡಿತ ಬನ್ನಿ. ಸೊಪ್ಪು ತಂದರೆ ದೊಡ್ಡಮ್ಮ ತಂಬುಳಿ ಮಾಡುತ್ತಾರೆ, ನಿಮಗೂ ಬಡಿಸುತ್ತಾರೆ. ಬೇರು, ಬೀಜ, ಪುಡಿ ತಂದರೆ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಡಾಕ್ಟರು ನೋಡಿ ಹೂಂ ಎನ್ನುವ ತನಕ ಅದು ಅಟ್ಟದ ಮೇಲೆ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಲಕ್ಷ್ಮಣಫಲ ಮಾತ್ರ ದಯವಿಟ್ಟು ಬೇಡ. ಮುಖ ನೋಡಿ ಸಿಟ್ಟು ಬಂದಿದೆ ಎಂದುಕೊಳ್ಳದೆ ಕೂತುಕೊಳ್ಳಿ. ಹತ್ತೂವರೆಯ ಮೇಲೆ ಬಂದರೆ ಒಳ್ಳೆಯದು, ಬೆಳಗಿನ ಎರಡನೇ ಮಾತ್ರೆ ಹತ್ತಕ್ಕೆ.